ಹನ್ನೊಂದು ಸೆಕೆಂಡಿನ ಗೆರೆಗಳು

2011ರ ಮಾರ್ಚ್ 12, ಬೆಳಿಗ್ಗೆ 10:30. ಸಾಸ್ತೂರದ ಕಸ್ತೂರಬಾಯಿ ಉಮರ್ಗಾ ಠಾಣೆಗೆ ದೂರು ತಂದಳು. 1993ರ ಭೂಕಂಪದ ಹಿಂದಿನ ಬೇಸಿಗೆಯಲ್ಲಿ ನಡೆದ ತನ್ನ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಸಿ.ಡಿ. ಮಾಡಲು ರಾಚಯ್ಯನ ಸ್ಟುಡಿಯೊಗೆ ಕೊಟ್ಟಿದ್ದಳು. ಎಂಟು ದಿನದ ಹಿಂದೆ ಅದು ಕಳುವಾಯಿತೆಂದು ಅವನು ಕೈ ಚೆಲ್ಲಿದ್ದ.

"ಯಾರ ಮ್ಯಾಲ ಸಂಶಯ?" ಇನ್‌ಸ್ಪೆಕ್ಟರ್ ಅಂಬಣ್ಣ ಕೇಳಿದರು.

"ಮೈದುನ ಉಮಾಕಾಂತನ ಮ್ಯಾಲ್ರೀ. ಹಳೀ ಮನಿ ಜಾಗದ ದಾವೆ ನಡದದ. ಗ್ವಾಡಿ ಎಲ್ಲಿತ್ತಂತ ಅದರಾಗ ಕಾಣ್ತದ." ಆಮೇಲೆ ದನಿ ಇಳಿಸಿದಳು. "ನಮ್ಮವ್ವ ಭೂಕಂಪದಾಗ ಹೋದ್ಲು ಸಾಹೇಬ್ರ. ಆಕಿ ಉಳದಿದ್ದು ಆ ಕ್ಯಾಸೆಟ್‌ನಾಗಷ್ಟೇ."

FIR ದಾಖಲಾಯಿತು. ಉಮಾಕಾಂತ ಹದಿನೈದು ದಿನದಿಂದ ನಿಲಂಗಾದ ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾನೆಂದು ಫೋನಿನಲ್ಲೇ ತಿಳಿಯಿತು.

12:15ಕ್ಕೆ ಸ್ಟುಡಿಯೊದಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ, ಕ್ಯಾಮೆರಾಗಳು ಇದ್ದಲ್ಲೇ ಇವೆ. ಹಳೇ ಕ್ಯಾಸೆಟ್ಟಿಗಷ್ಟೇ ಆಸೆಪಟ್ಟ ಕಳ್ಳ ಯಾರಪ್ಪ! ರಾಚಯ್ಯ ಮೂರು ಸಲ ಚಹಾ ತರಿಸಲೇ ಎಂದ. ಆ ಉಪಚಾರ ಅಂಬಣ್ಣನವರಿಗೆ ಹಿಡಿಸಲಿಲ್ಲ.

ಕಾನ್ಸ್‌ಟೇಬಲ್ ಸಾರಿಕಾ ಕಂಪ್ಯೂಟರ್ ನೋಡಿದಳು. ಮದುವೆಯ ವಿಡಿಯೊ ಅಲ್ಲೇ ಇತ್ತು. ಅದರಲ್ಲಿ ಯಾರು ಕೈ ಆಡಿಸಿದರೂ ಅಂಚಿನಲ್ಲಿ ಹಣಿಗೆ ಹಲ್ಲಿನಂಥ ಅಡ್ಡಗೆರೆ.

"ಹಳೀ ವಿಡಿಯೊದಾಗ ಒಂದು ಚಿತ್ರ ಎರಡು ಸಲಕ್ಕ ಅರ್ಧರ್ಧ ತುಂಬ್ತದ್ರೀ," ಎಂದ ರಾಚಯ್ಯ. "ನಿಂತವರಿಗೆ ಏನೂ ಆಗಲ್ಲ, ಓಡಿದವರು ಹರದು ಕಾಣ್ತಾರ. ಗೆರಿ ತೆಗೀಲಾಕ ಪುಕ್ಕಟೆ ಸಾಫ್ಟ್‌ವೇರ್ ಸಿಗ್ತದ."

"ಹಂಗಾರ ಇಷ್ಟೇ ಯಾಕ ತೆಗ್ದೀರಿ?" ಸಾರಿಕಾ ಪರದೆ ತೋರಿಸಿದಳು. ಗೆರೆ ತೆಗೆದ ನಲವತ್ತು ಫೈಲುಗಳು, ಎಲ್ಲವೂ ಅದೇ ಹನ್ನೊಂದು ಸೆಕೆಂಡು. "ಕ್ಯಾಸೆಟ್ ಹೋಗಿ ಎಂಟು ದಿನ ಅಂತೀರಿ. ಕಡೀ ಫೈಲು ಇವತ್ತು ಮುಂಜಾನೆ 9:20ಕ್ಕ ಯಾವುದರಿಂದ ಇಳಿಸ್ಕೊಂಡ್ರಿ?"

ರಾಚಯ್ಯ ವಿ.ಸಿ.ಆರ್. ಕಡೆ ನೋಡಿದ. ಕ್ಯಾಸೆಟ್ ಅದರೊಳಗೇ ಇತ್ತು.

ಪರದೆಯ ಮೇಲೆ ಹಸಿರು ಲಂಗದ ಹುಡುಗಿ ಓಡುತ್ತಿದ್ದಳು. ಒಂದು ಫೈಲಿನಲ್ಲಿ ಮುಖ ಹರಿದಿತ್ತು, ಇನ್ನೊಂದರಲ್ಲಿ ಕಣ್ಣೇ ಕರಗಿತ್ತು.

"ಯಾರಿಕಿ?" ಅಂಬಣ್ಣ ಕೇಳಿದರು.

"ನನ್ನ ಮಗಳು ವೈಷ್ಣವಿ. ಭೂಕಂಪದಾಗ ಹೋದ್ಲು. ಊರ ಮದುವಿ ಎಲ್ಲಾ ನಾನೇ ತೆಗದೀನ್ರೀ, ಕ್ಯಾಸೆಟ್ ಅವರವರಿಗೆ ಕೊಟ್ಟೀನಿ. ಆಕೀದು ಬ್ಯಾರೆ ತೆಗೀಲೇ ಇಲ್ಲ."

"ಕಸ್ತೂರಬಾಯಿನ್ನ ಕೇಳಿದ್ರ ಒಲ್ಲೆ ಅಂತಿದ್ಲೇನು?"

"ಒಮ್ಮಿ ಸ್ವಚ್ಛ ಮುಖ ಸಿಗಲಿ, ನಾಳಿ ಕೊಡೂನು ಅಂತ ದಿನಾ ಅನ್ಕೊಂಡೆ."

4:10ಕ್ಕೆ ನಂಬಿಕೆ ದ್ರೋಹದ ಆರೋಪದ ಮೇಲೆ ಬಂಧನ. ಹೊರಡುವ ಮುನ್ನ ಸಾರಿಕಾ ಆ ತುಣುಕನ್ನು ದನಿ ಏರಿಸಿ ಮತ್ತೆ ಹಾಕಿದಳು. ಹುಡುಗಿ ಬೆನ್ನು ಮಾಡಿ ನಿಂತಿದ್ದಳು. ಕ್ಯಾಮೆರಾದ ಹಿಂದಿನಿಂದ ರಾಚಯ್ಯನದೇ ಹರೆಯದ ದನಿ ಗದರಿತು: "ಏ, ಬಾಜೂಕ ಸರಿ!" ಆಕೆ ಬೆಚ್ಚಿ ತಿರುಗಿ ಓಡಿದಳು.

"ನಿಂತಿದ್ರ ಗೆರಿ ಬರ್ತಿದ್ದಿಲ್ರೀ ಸಾಹೇಬ್ರ," ಎಂದ ರಾಚಯ್ಯ. "ನಾನೇ ಓಡ್ಸೀನಿ."

ಅಂಬಣ್ಣ ಅದನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.