ತಿಳಿಯಾದ ಟ್ಯಾಂಕು

ಟ್ಯಾಂಕಿನೊಳಗೆ ಇಣುಕಿದ ವಿಮಲಾ ಹುಬ್ಬು ಗಂಟಿಕ್ಕಿದರು. ನಿನ್ನೆ ಹಾಲಿನಂತಿದ್ದ ದ್ರವ ತಿಳಿನೀರಾಗಿತ್ತು. ಅವರೆ, ತೊಗರಿಯ ಬೇರುಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತಿತ್ತು. ಅಷ್ಟೂ ಸತ್ತಿತ್ತು.

1998ರ ಜೂನ್. ಕುಮಾರಸ್ವಾಮಿ ಲೇಔಟಿನ ಆ ಪುಟ್ಟ ಜೈವಿಕ ಗೊಬ್ಬರದ ಘಟಕಕ್ಕೆ ಈ ತಳಿ ಕೊಟ್ಟವರೇ ವಿಮಲಾ, ಜಯನಗರದ ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಉಪನ್ಯಾಸಕಿ.

“ಯಲ್ಲಮ್ಮ ಟ್ಯಾಂಕು ಸರಿಯಾಗಿ ತೊಳೆದಿಲ್ಲ ಮೇಡಂ,” ಮಾಲೀಕ ನೀಲಕಂಠಪ್ಪ ಗುಡುಗಿದರು. “ಇವತ್ತೇ ಕೆಲಸದಿಂದ ತೆಗೀತೀನಿ.”

“ಆರು ವರ್ಷದಿಂದ ತೊಳೀತಿದೀನಿ ಸಾರ್,” ಯಲ್ಲಮ್ಮ ತಲೆ ಎತ್ತಿಯೇ ಹೇಳಿದಳು.

“ಕೊಳೆ ಇದ್ದಿದ್ರೆ ಬೇರೆ ಕ್ರಿಮಿ ಬೆಳೆದು ಇನ್ನೂ ಕದಡಿ ನಾರ್ತಿತ್ತು,” ಎಂದರು ವಿಮಲಾ. “ಇದು ತಿಳಿಯಾಗಿದೆ. ಬ್ಯಾಕ್ಟೀರಿಯಾನ ತಿನ್ನೋ ವೈರಸ್ ಬಿದ್ದಿದೆ. ನಾಲ್ಕು ದಿನ ಕೊಡಿ. ಅಲ್ಲೀವರೆಗೂ ಇವಳನ್ನ ತೆಗೀಬೇಡಿ.”

ಪ್ರಯೋಗಾಲಯದ ನಚಿಕೇತ, ಅವರ ಹಳೆಯ ಶಿಷ್ಯ, ಮುಂದೆ ಬಂದ. “ರೈತ ಮುನಿಯಣ್ಣ ನಿನ್ನೆ ಜರಗನಹಳ್ಳಿಯಿಂದ ಮಣ್ಣು ಮೆತ್ತಿದ ಗಿಡ ತಂದಿದ್ರು ಮೇಡಂ. ವೈರಸ್ ಅದರಲ್ಲೇ ಬಂದಿರ್ಬೇಕು. ಪರವಾಗಿಲ್ಲ, ನನ್ನ ಹೊಸ ತಳಿ ಇದೆ. ತಲಘಟ್ಟಪುರದ ಹೊಲದ್ದು, ಮೇ ತಿಂಗಳಲ್ಲೇ ತೆಗೆದಿಟ್ಟಿದ್ದೆ. ಅದಕ್ಕೇನೂ ಆಗಿಲ್ಲ.”

ವಿಮಲಾ ಆ ಮಣ್ಣನ್ನೂ ಅವನ ತಳಿಯ ಟ್ಯೂಬನ್ನೂ ಕೇಳಿ ಪಡೆದರು.

\* \* \*

ನಾಲ್ಕನೇ ದಿನ ವಿಮಲಾ ಮೇಜಿನ ಮೇಲೆ ಮೂರು ಗಾಜಿನ ತಟ್ಟೆಗಳನ್ನಿಟ್ಟರು.

“ಮೊದಲನೇದು, ಟ್ಯಾಂಕಿನ ನೀರು ಸೋಸಿ ನಮ್ಮ ತಳಿ ಮೇಲೆ ಹಾಕಿದ್ದು. ನೋಡಿ, ತೂತು ತೂತು. ವೈರಸ್ ತಿಂದ ಜಾಗ. ಎರಡನೇದು ಮುನಿಯಣ್ಣನ ಮಣ್ಣಿಂದು. ಒಂದು ತೂತೂ ಇಲ್ಲ, ಅಂದ್ರೆ ಅದರಲ್ಲಿ ವೈರಸ್ ಇಲ್ಲ.”

“ಮೂರನೇದು?” ನೀಲಕಂಠಪ್ಪ ಬಗ್ಗಿದರು.

“ನಚಿಕೇತನ ತಳಿ. ತಟ್ಟೆಯಲ್ಲಿ ಸ್ಟ್ರೆಪ್ಟೋಮೈಸಿನ್ ಬೆರೆಸಿದೀನಿ. ನಾನು ಕೊಟ್ಟ ತಳಿಗೆ ಗುರುತಿರಲಿ ಅಂತ ಈ ಔಷಧ ತಡ್ಕೊಳ್ಳೋ ಹಾಗೆ ಬೆಳೆಸಿದ್ದೆ. ಹೊಲದ್ದಾದ್ರೆ ಸಾಯತ್ತೆ. ಇದು ಸೊಗಸಾಗಿ ಬೆಳೆದಿದೆ.”

ನಚಿಕೇತ ಕೈ ಚಾಚುವ ಮೊದಲೇ ವಿಮಲಾ ಆ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು.

“ಇದು ನನ್ನ ತಳೀನೇ. ಆದ್ರೆ ಟ್ಯಾಂಕಿನ ನೀರು ಹಾಕಿ ನೋಡಿದೆ, ವೈರಸ್ ಇದನ್ನ ತಿನ್ನಲ್ಲ. ಅಂದ್ರೆ ಯಾರೋ ವೈರಸ್ ಹಾಕಿ, ಕೋಟಿಯಲ್ಲಿ ಸಾಯದೆ ಉಳಿದ ಒಂದೆರಡನ್ನ ಆರಿಸಿ ಬೆಳೆಸಿದಾರೆ. ವೈರಸ್ ಮೊನ್ನೆ ಮುನಿಯಣ್ಣನ ಜೊತೆ ಬಂತು ಅಂದೆಯಲ್ಲೋ ನಚಿಕೇತ, ಮೇ ತಿಂಗಳಲ್ಲೇ ನಿನ್ನ ಹತ್ರ ಹೇಗಿತ್ತು?”

ಅವನು ನೆಲ ನೋಡಿದ. “ನಿಮ್ಮ ತಳಿ ಇರೋವರೆಗೂ ನನ್ನ ಹೆಸರಿನದನ್ನ ಯಾರೂ ಕೇಳ್ತಿರ್ಲಿಲ್ಲ ಮೇಡಂ.”

ಬಿತ್ತನೆಗೆ ಎರಡೇ ವಾರ. ಟ್ಯಾಂಕು ತೊಳೆದು, ಫ್ರಿಜ್ಜಿನಲ್ಲಿದ್ದ ಮೂಲ ಟ್ಯೂಬಿನಿಂದ ಮತ್ತೆ ಬೆಳೆಸಬೇಕಿತ್ತು. ನೀಲಕಂಠಪ್ಪ ಬ್ರಷ್ಷನ್ನು ನಚಿಕೇತನ ಕೈಗೆ ತುರುಕಿದರು. “ತೊಳಿ. ಆಮೇಲೆ ಹೊರಡು.”

ಯಲ್ಲಮ್ಮ ಬಂದು ಅದನ್ನು ಕಿತ್ತುಕೊಂಡಳು.

“ಬೇಡ ಸಾರ್. ಇವರು ತೊಳೆದ್ರೆ, ಸರಿಯಾಗಿ ತೊಳೆದಿಲ್ಲ ಅಂತ ಮತ್ತೆ ನನ್ನನ್ನೇ ಬೈತೀರ.”