ಇಚಿಲಂಪಾಡಿಯ ಹಳೆ ಪೆಟ್ಟಿಗೆ

ಜುಮಾನಾಗೆ ತಾಳ್ಮೆ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಪುತ್ತೂರು ಬಸ್‌ಸ್ಟ್ಯಾಂಡಿನ ಎದುರಿನ ಆ ಮಹಡಿಯ ಆಫೀಸಿನಲ್ಲಿ ಅವಳಷ್ಟು ಬೇಗ ಪ್ರೋಗ್ರಾಂ ಬರೆಯುವವರು ಇನ್ನೊಬ್ಬರಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಬಾಗಿಲು ದೂಡಿಕೊಂಡು ಒಬ್ಬ ಒಳಗೆ ಬಂದ. ಹೆಲ್ಮೆಟ್ಟನ್ನು ಅವಳ ಮೇಜಿನ ಮೇಲೆ ದಡಕ್ಕನೆ ಇಟ್ಟ.

"ಜುಮಾನಾ ಯಾರು?"

ಆ ಧ್ವನಿ! ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಫೋನಿನಲ್ಲಿ ಕೇಳಿದ ಧ್ವನಿ. ಮಶೂದ್. ಕಡಬ ಕಡೆಯ ಕ್ಲಿನಿಕ್‌ಗಳ ಮೆಕ್ಯಾನಿಕ್. ಮುಖ ನೋಡಿದ್ದು ಇದೇ ಮೊದಲು.

'ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ...'

"ನಾನೇ," ಎಂದಳು.

"ಇಚಿಲಂಪಾಡಿಯ ಫ್ರಿಜ್ ಒಂದೂವರೆ ದಿನದಿಂದ ಕೆಟ್ಟು ನಿಂತಿದೆ. ಲಸಿಕೆ ಎಲ್ಲಾ ಹಾಳು. ನಿಮ್ಮಿಂದ ಒಂದು ಅಲಾರಂ ಬರಲಿಲ್ಲ. ಎಂತ ಮಾಡ್ತಿದ್ರಿ ಇಲ್ಲಿ?"

ಫೋನಿನಲ್ಲಿ ಇಬ್ಬರ ಮನೆಮಾತಾದ ಬ್ಯಾರಿಯಲ್ಲೇ ಮಾತಾಡುತ್ತಿದ್ದವನು ಈಗ ಕನ್ನಡದಲ್ಲಿ ಕೇಳುತ್ತಿದ್ದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಒಂದು ಟ್ರಸ್ಟಿನ ನಲವತ್ತಮೂರು ಹಳ್ಳಿ ಕ್ಲಿನಿಕ್‌ಗಳ ಫ್ರಿಜ್‌ಗಳಿಗೆ ಇವರ ಆಫೀಸು ಪುಟ್ಟ ಪೆಟ್ಟಿಗೆ ಕೂರಿಸಿತ್ತು. ಒಳಗೆ ಎಷ್ಟು ತಂಪು ಉಂಟೆಂದು ಆ ಪೆಟ್ಟಿಗೆ ಐದು ನಿಮಿಷಕ್ಕೊಮ್ಮೆ ಪುತ್ತೂರಿನ ಸರ್ವರ್‌ಗೆ ಹೇಳುತ್ತಿತ್ತು. ತಂಪು ಕಡಿಮೆಯಾದರೆ ನರ್ಸಿನ ಫೋನ್ ಕೂಗಬೇಕು.

"ಪೆಟ್ಟಿಗೆ ಬುಧವಾರದಿಂದ ಸುಮ್ಮನಿದೆ," ಎಂದಳು ಜುಮಾನಾ. "ಸಿಡಿಲಿಗೆ ವಯರ್ ತೆಗೆದು ವಾಪಸ್ ಹಾಕಲಿಲ್ಲ ನೀವು. ಇನ್ನೆಂತ?"

ಅದರಲ್ಲಿ ಆಶ್ಚರ್ಯವೂ ಇರಲಿಲ್ಲ. ಅಕ್ಟೋಬರಿನಲ್ಲಿ ಗುಡುಗು ಕೇಳಿದರೆ ಪುತ್ತೂರು, ಕಡಬ, ಸುಳ್ಯ ತಾಲೂಕುಗಳಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಪ್ಲಗ್ಗಿಗೆ. ಪೆಟ್ಟಿಗೆ ಸುಮ್ಮನಾದರೆ ಯಾರೂ ಕಾರಣ ಕೇಳುವುದಿಲ್ಲ.

"ಅಲ್ಲಿಯ ಸೇವಂತಿ ಸಿಸ್ಟರ್ ಪುನಃ ಹಾಕಿದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ!"

"ಸುಳ್ಳು!"

ಒಳಗಿನ ಕೋಣೆಯಿಂದ ಮಾಲೀಕ ಉಲ್ಲಾಸ್ ಬಂದ. "ಗಲಾಟೆ ಬೇಡ ಮಾರಾಯ್ರೆ. ನಾಳೆ ಟ್ರಸ್ಟಿಗೆ ವರದಿ ಕೊಡ್ಬೇಕು. ಮೆಕ್ಯಾನಿಕ್ ತಪ್ಪು ಅಂತ ಬರೀತೇನೆ. ಮಶೂದ್, ಇನ್ನು ಯಾವ ಪೆಟ್ಟಿಗೆಯನ್ನೂ ಮುಟ್ಟುದು ಬೇಡ."

ಅಂದರೆ ಅವನ ಕೆಲಸ ಹೋಯಿತು.

ಮಶೂದ್ ಅವಳನ್ನೇ ನೋಡಿದ. "ನಾಲ್ಕು ತಿಂಗಳು ಮಾತಾಡಿದ್ದು ಇವರ ಹತ್ರವೇನಾ..." ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

ಅವನು ಹೋದ ಮೇಲೆ ಜುಮಾನಾ ಬಂದುಹೋದದ್ದೆಲ್ಲ ದಾಖಲಾಗುವ ಸರ್ವರಿನ ಲಾಗ್ ತೆರೆದಳು. ಅವನ ಸುಳ್ಳನ್ನು ಹಿಡಿಯಬೇಕೆಂದೇ ತೆರೆದಳು.

ಪೆಟ್ಟಿಗೆ ಸುಮ್ಮನಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತೂವರೆಯಿಂದ ಐದು ನಿಮಿಷಕ್ಕೊಮ್ಮೆ ಅದು ಸರ್ವರಿನ ಬಾಗಿಲು ಬಡಿದಿತ್ತು. ಸಂಜೆ ಎರಡು ಗಂಟೆ ಕಾಲ ಮಾತ್ರ ಬಡಿತವಿಲ್ಲ. ಅದು ಗುಡುಗಿನ ಹೊತ್ತು. ಆಮೇಲೆ ಪುನಃ ಶುರು! ಪ್ರತಿ ಸಲವೂ ಸರ್ವರ್ ಕೊಟ್ಟದ್ದು ಒಂದೇ ಉತ್ತರ: ಇಬ್ಬರಿಗೂ ಗೊತ್ತಿರುವ ಸೈಫರ್ ಇಲ್ಲ.



ಯಾರೂ ಕದ್ದು ಕೇಳದಂತೆ ಮಾತನ್ನು ಗುಟ್ಟಾಗಿಸುವ ವಿಧಾನವೇ ಸೈಫರ್. ಪೆಟ್ಟಿಗೆ ತನಗೆ ಗೊತ್ತಿರುವ ಸೈಫರ್‌ಗಳ ಪಟ್ಟಿ ಕಳಿಸುತ್ತದೆ. ಸರ್ವರ್ ತನ್ನ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಇಬ್ಬರಿಗೂ ಬರುವ ಮೊದಲನೆಯದನ್ನು ಹಿಡಿಯುತ್ತದೆ. ಒಂದೂ ಸಿಗದಿದ್ದರೆ ಮಾತೇ ಇಲ್ಲ.

ಬುಧವಾರ ಆ ಪಟ್ಟಿ ಬದಲಿಸಿದ್ದು ಜುಮಾನಾಳೇ. ಗಟ್ಟಿಯಾದ ಎರಡು ಸೈಫರ್ ಮೇಲಿಟ್ಟು, ಯಾರು ಬೇಕಾದರೂ ಒಡೆಯಬಹುದಾದ ಹಳೆಯದನ್ನು ಅಳಿಸಿದ್ದಳು. ತನ್ನ ಕಡೆಯ ಎಲ್ಲ ಪೆಟ್ಟಿಗೆಗೂ ಹೊಸ ಪ್ರೋಗ್ರಾಂ ಹಾಕಿ ಆಯಿತೆಂದು ಮಶೂದನೇ ವಾಯ್ಸ್ ಮೆಸೇಜ್ ಕಳಿಸಿದ್ದನಲ್ಲ!

ಮೂರು ನಿಮಿಷದ ಆ ಮೆಸೇಜನ್ನು ಪುನಃ ಹಾಕಿದಳು.

"ಎಲ್ಲಾ ಆಯ್ತು ಮಾರಾಯ್ತಿ... ಕಾಣಿಯೂರಿನಲ್ಲಿ ಒಂದು ನಾಯಿ ನನ್ನನ್ನು ಓಡಿಸಿದ್ದು ಕೇಳ್ಬೇಕು..." ಆಮೇಲೆ ಅವನ ನಗು. ಅಂದು ಅವಳು ಅಲ್ಲಿಗೇ ನಿಲ್ಲಿಸಿದ್ದಳು. ಆ ನಗುವನ್ನಷ್ಟೇ ಮೂರು ಸಲ ಕೇಳಿದ್ದಳು.

ಈಗ ಕೊನೆಯವರೆಗೆ ಕೇಳಿದಳು. "...ಆದರೆ ಇಚಿಲಂಪಾಡಿಯದ್ದು ಒಂದು ಬಾಕಿ ಉಂಟು. ಅಲ್ಲಿವರೆಗೆ ಹಳೆ ಸೈಫರ್ ತೆಗಿಬೇಡ, ಆಯ್ತಾ?"

ಅವಳು ನೇರ ಉಲ್ಲಾಸನ ಕೋಣೆಗೆ ನಡೆದಳು.

"ತಪ್ಪು ನನ್ನದು ಸರ್. ವರದಿಯಲ್ಲಿ ನನ್ನ ಹೆಸರು ಬರೀರಿ."

"ಮರ್ಲಾ ನಿನಗೆ? ತಲೆ ಸರಿ ಉಂಟಾ?" ಉಲ್ಲಾಸ್ ಎದ್ದೇ ನಿಂತ. "ಹಳೆಯದನ್ನು ಪಟ್ಟಿಯ ಕೊನೆಯಲ್ಲಿ ಸೇರಿಸು. ಪೆಟ್ಟಿಗೆ ಮಾತಾಡ್ತದೆ. ಲಾಗ್ ಅಳಿಸು. ಯಾರಿಗೂ ಗೊತ್ತಾಗುದಿಲ್ಲ."

"ಕೊನೆಯಲ್ಲಿಟ್ಟರೂ ಅದು ಬಾಗಿಲೇ ಸರ್. ನನಗೆ ಹಳೆಯದು ಮಾತ್ರ ಬರುದು ಅಂತ ಯಾವ ಕಳ್ಳ ಹೇಳಿದರೂ ನಮ್ಮ ಸರ್ವರ್ ಒಪ್ತದೆ. ಇಡುದಿಲ್ಲ. ಲಾಗೂ ಅಳಿಸುದಿಲ್ಲ."

"ಹಾಗಾದ್ರೆ ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ಟ್ರಸ್ಟಿನವರು ಬಿಡುದಿಲ್ಲ."

"ಗೊತ್ತುಂಟು."

ವರದಿಯನ್ನು ತಾನೇ ಬರೆದು, ತನ್ನ ಹೆಸರು ಹಾಕಿ, ಕಳಿಸಿಯೇ ಎದ್ದಳು. ಮಶೂದನಿಗೆ ಐದು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಕಡಬಕ್ಕೆ ಬಸ್, ಅಲ್ಲಿಂದ ಜೀಪು. ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರು ರಬ್ಬರು ಟ್ಯಾಪಿಂಗಿನವರ ನಡುವೆ ಒತ್ತಿಕೊಂಡು ಇಚಿಲಂಪಾಡಿಗೆ ಹೋದಳು.

ಕ್ಲಿನಿಕ್ಕಿನಲ್ಲಿ ಸೇವಂತಿ ಸಿಸ್ಟರ್ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಪೆಟ್ಟಿಗೆ ನೋಡ್ಲಿಕ್ಕೆ ಬಂದದ್ದಾ? ಅಲ್ಲ, ಪೆಟ್ಟಿಗೆಯವನನ್ನು ನೋಡ್ಲಿಕ್ಕಾ?"

"ಮೊದಲು ಪೆಟ್ಟಿಗೆ ಸಿಸ್ಟರ್," ಎಂದಳು ಜುಮಾನಾ.

ಸಿಸ್ಟರ್ ನಕ್ಕು, ಫೋನ್ ಹಿಡಿದು ಹೊರಗೆ ಹೋದರು.

ಹೊಸ ಪ್ರೋಗ್ರಾಂ ಅರ್ಧ ಹೋಗಿತ್ತು. ಅಷ್ಟರಲ್ಲಿ ಆಕಾಶ ಗುಡುಗಿತು. ಒಳಗೆ ಓಡಿ ಬಂದ ಸಿಸ್ಟರ್ ಕೈ ಪ್ಲಗ್ಗಿಗೆ!

"ತೆಗಿಬೇಡಿ! ಈಗ ನಿಂತರೆ ಪೆಟ್ಟಿಗೆ ಸತ್ತೇ ಹೋಗ್ತದೆ!"

"ಸಿಡಿಲು ಬಿದ್ದರೂ ಸಾಯ್ತದೆ, ಮಾರಾಯ್ತಿ!"

"ಒಂದು ನಿಮಿಷ ಸಿಸ್ಟರ್." ಬಾಗಿಲಲ್ಲಿ ಮಶೂದ್ ಇದ್ದ. ಏನೂ ಕೇಳದೆ ಬಂದು, ಬ್ಯಾಗಿನಿಂದ ಬ್ಯಾಟರಿ ತೆಗೆದು ಪೆಟ್ಟಿಗೆಯ ಇನ್ನೊಂದು ತೂತಿಗೆ ಸಿಕ್ಕಿಸಿದ. "ಈಗ ಎಳೀರಿ."

ಪ್ಲಗ್ ಹೊರಗೆ ಬಂತು. ಪೆಟ್ಟಿಗೆಯ ದೀಪ ಆರಲಿಲ್ಲ.

ಏಳು ನಿಮಿಷ ಇಬ್ಬರೂ ಆ ದೀಪವನ್ನೇ ನೋಡುತ್ತಾ ಕುಳಿತರು. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಸಾಲು ಮೂಡಿತು: ಸಂಪರ್ಕ ಆಗಿದೆ. ಪಟ್ಟಿಯ ಮೊದಲನೆಯ ಸೈಫರಿನಲ್ಲೇ!

"ನಿಮ್ಮದು ಸುಳ್ಳು ಅಂದೆ," ಜುಮಾನಾ ಬ್ಯಾರಿಯಲ್ಲಿ ಹೇಳಿದಳು. "ಅಲ್ಲ. ನಾನು ಮೆಸೇಜ್ ಪೂರ್ತಿ ಕೇಳಿರಲಿಲ್ಲ. ವರದಿಯಲ್ಲಿ ಹಾಗೇ ಬರೆದಿದ್ದೇನೆ."

"ಉಲ್ಲಾಸ್ ಸರ್ ಹೇಳಿದರು. ಸೋಮವಾರದಿಂದ ನೀವಿಲ್ಲ ಅಂತ..." ಅವನು ತಲೆ ತಗ್ಗಿಸಿದ. "ಪೂರ್ತಿ ಯಾಕೆ ಕೇಳಲಿಲ್ಲ?"

"ನಿಮ್ಮ ನಗು ಬಂದಲ್ಲಿ ನಿಲ್ಲಿಸಿದೆ." ಮುಖ ಬಿಸಿಯಾದರೂ ಕಣ್ಣು ತಪ್ಪಿಸಲಿಲ್ಲ. "ಅದು ಇಷ್ಟ. ನೀವೂ ಇಷ್ಟ."

ಮಶೂದ್ ಮೆಲ್ಲನೆ ಕೇಳಿದ, "ನಾಳೆ ಉಮ್ಮನನ್ನು ಕರ್ಕೊಂಡು ಸುಳ್ಯಕ್ಕೆ, ನಿಮ್ಮ ಮನೆಗೆ ಬಂದರೆ... ನಿಮ್ಮ ಉಪ್ಪ ಎಂತ ಕೇಳ್ತಾರೆ?"

"ಹುಡುಗನಿಗೆ ಕೆಲಸ ಉಂಟಾ ಅಂತ."

"ಉಂಟು. ನೀವು ಉಳಿಸಿಕೊಟ್ಟದ್ದು."

"ಹಾಗೆ ಹೇಳ್ಬೇಡಿ. ಅದು ನಿಮ್ಮದೇ ಇತ್ತು."

ಇಚಿಲಂಪಾಡಿಯಲ್ಲಿ ಹಾಳಾದದ್ದು ಮಕ್ಕಳ ಲಸಿಕೆ ಮೂವತ್ತೊಂದು ಬಾಟಲಿ, ನಾಯಿ ಕಡಿತದ್ದು ಹದಿನೆಂಟು. ಪುತ್ತೂರಿನಲ್ಲಿ ಹೋದದ್ದು ಒಂದು ಕೆಲಸ.