ನಲವತ್ತೇಳನೇ ಚಾನೆಲ್

“ಏನೇ ಇದು! ನಮ್ಮೂರಿನ ನ್ಯೂಸ್ ಎಲ್ಲೇ?” ಅಜ್ಜಿ ರಿಮೋಟನ್ನು ಅಂಗೈಗೆ ಪಟಪಟನೆ ಬಡಿದರು.

ಸರಿಯಾಗಿ ಐದು ಗಂಟೆ. ನಲವತ್ತೇಳನೇ ಚಾನೆಲ್. ಅಜ್ಜಿ ಹುಟ್ಟಿ ಬೆಳೆದ ಊರಿನ ಸ್ಟೇಷನ್ ಬರಬೇಕಾದ ಜಾಗದಲ್ಲಿ ನೀಲಿ ಮೊಲವೊಂದು ಪಲ್ಟಿ ಹೊಡೆಯುತ್ತಿತ್ತು.

ಕೂತಲ್ಲಿ ಕೂರದ ಮೊಮ್ಮಗಳಿಗೆ ಮನೆಯವರಿಟ್ಟ ಹೆಸರು ಬುಗುರಿ. ಈಗ ಮಾತ್ರ ಸೋಫಾದ ಮೇಲೆ ಅಲುಗಾಡದೆ ಕೂತಿದ್ದಳು. ಕಳೆದ ವಾರ ಕೇಬಲ್ ಮಾಮ ಫಾರ್ಮ್ ತಂದಾಗ ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಹೊಸ ಚಾನೆಲ್ ಒಂದು ಬೇಕಾದರೆ ಹಳೆಯದೊಂದನ್ನು ಬಿಡಬೇಕಿತ್ತು. ಅವಳು ಮೊಲದ ಕಾರ್ಟೂನಿಗೆ ‘ಬೇಕು’ ಎಂದೂ ಅಜ್ಜಿಯ ಚಾನೆಲ್ಲಿಗೆ ‘ಬೇಡ’ ಎಂದೂ ಟಿಕ್ ಹಾಕಿದ್ದಳು. ಬೇರೆ ಮನೆಯವರು ಬೇಕು ಅಂದೇ ಅಂತಾರೆ, ಚಾನೆಲ್ ಎಲ್ಲಿಗೂ ಹೋಗಲ್ಲ ಅಂದುಕೊಂಡಿದ್ದಳು.

ಅದೇನು ಮಹಾ ನ್ಯೂಸ್! ಯಾವ ಬೀದಿಗೆ ನೀರಿಲ್ಲ, ಬಸ್ಸಿನಲ್ಲಿ ಯಾರು ಕನ್ನಡಕ ಬಿಟ್ಟುಹೋದರು, ಇಂಥದ್ದೇ. ಆದರೆ ಅದು ಮುಗಿದ ಕೂಡಲೇ ಅಜ್ಜಿ ಆ ಊರಲ್ಲಿರುವ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಸುತ್ತಿದ್ದರು.

“ಪಾಪ, ಅವಳಿಗೆ ಟೀವಿ ಹಾಕೋಕೂ ಬರಲ್ಲ. ನಾನು ಹೇಳ್ದಿದ್ರೆ ನೀರು ಹಿಡಿದಿಡ್ತಾಳಾ?” ಎಂದು ಗೊಣಗುತ್ತಾ ಅಜ್ಜಿ ರೂಮಿಗೆ ಹೋಗಿ ಮಲಗಿಬಿಟ್ಟರು. ಆ ಹೊತ್ತಿನಲ್ಲಿ ಅಜ್ಜಿ ಮಲಗಿದ್ದನ್ನು ಬುಗುರಿ ಯಾವತ್ತೂ ನೋಡಿರಲಿಲ್ಲ. ಅವಳಿಗೆ ಅಳು ಬಂತು.

ಐದೂಮುಕ್ಕಾಲಿಗೆ ಫೋನ್ ಬಡಿದುಕೊಂಡಿತು. ಚಿಕ್ಕಜ್ಜಿ!

“ಏನೇ ಬುಗುರಿ, ನಿಮ್ಮಜ್ಜಿಗೆ ಹುಷಾರಿಲ್ವಾ? ಫೋನೇ ಇಲ್ಲ?”

“ಮಲಗಿದ್ದಾರೆ. ಚಾನೆಲ್ ಬರ್ತಿಲ್ಲ ಚಿಕ್ಕಜ್ಜಿ. ನಿಮಗೆ ನೀರಿನ ವಿಷಯ ಹೇಳೋಕಾಗಲ್ಲ ಅಂತ...”

“ನಾಳೆ ನಮ್ಮ ಬೀದಿಗೆ ನೀರಿಲ್ಲ. ಬಕೆಟ್ ತುಂಬಿಸಿ ಆಯ್ತು.”

“ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತು?”

“ಗೋಡೆಯಷ್ಟಗಲ ಟೀವಿ ತಂದಿದ್ದಾನಲ್ಲ ನನ್ನ ಮಗ! ದಿನಾ ಐದಕ್ಕೆ ನಾನೂ ನೋಡ್ತೀನಿ.” ಚಿಕ್ಕಜ್ಜಿ ದನಿ ತಗ್ಗಿಸಿದರು. “ಅಕ್ಕಂಗೆ ಹೇಳಿಬಿಟ್ಟೀಯಾ ಮತ್ತೆ! ಅವಳು ಹೇಳೋವರೆಗೂ ನನಗೇನೂ ಗೊತ್ತಿಲ್ಲ, ತಿಳೀತಾ?”

ಬುಗುರಿ ಚಪ್ಪಲಿ ಮೆಟ್ಟಿ ಕೇಬಲ್ ಮಾಮನ ರೂಮಿಗೆ ಓಡಿದಳು.

ಪುಟ್ಟ ರೂಮು. ಒಂದರ ಮೇಲೊಂದು ಪೇರಿಸಿದ ಡಬ್ಬಿಗಳಲ್ಲಿ ಹಸಿರು ದೀಪಗಳು ಮಿಣುಕುತ್ತಿದ್ದವು. ಫ್ಯಾನು ಡಬ್ಬಿಗಳ ಕಡೆ ತಿರುಗಿತ್ತು. ಮಾಮ ಬೆವರುತ್ತಾ ಕೂತಿದ್ದ.

“ನಿಮ್ಮಜ್ಜಿ ಊರಿನ ಟವರ್ ಬಿಡೋ ಸಿಗ್ನಲ್ ಗುಡ್ಡದ ಆಚೆಗೇ ನಿಂತ್ಹೋಗುತ್ತೆ,” ಎಂದ ಅವನು. “ಅದಕ್ಕೇ ಗುಡ್ಡದ ತುದೀಲಿ ಒಂದು ಆಂಟೆನಾ ನೆಟ್ಟಿದ್ದೀನಿ. ಅದು ಸಿಗ್ನಲ್ ಹಿಡಿದು ವೈರಲ್ಲಿ ಇಲ್ಲಿಗೆ ಕಳಿಸುತ್ತೆ. ಈ ಡಬ್ಬಿ ಮನೆಮನೆಗೆ ಹಂಚುತ್ತೆ. ಒಂದು ಚಾನೆಲ್‌ಗೆ ಒಂದು ಡಬ್ಬಿ. ಇಷ್ಟೆಲ್ಲಾ ಮಾಡಿದ್ದೇ ನಿಮ್ಮಜ್ಜಿ ನೋಡ್ತಾರೆ ಅಂತ. ನಿಮ್ಮನೆಯವರೇ ಬೇಡ ಅಂದ್ಮೇಲೆ ಇನ್ಯಾರಿಗೆ?”

“ಅಜ್ಜಿ ಒಬ್ಬರೇನಾ ನೋಡೋದು?”

“ಈ ಊರಿಗೆಲ್ಲಾ ಒಬ್ಬರೇ.”

ಬುಗುರಿಯ ಕಣ್ಣು ತುಂಬಿತು. “ಟಿಕ್ ಹಾಕಿದ್ದು ನಾನು ಮಾಮ. ಅಜ್ಜಿಗೆ ಗೊತ್ತೇ ಇಲ್ಲ.”

“ಸರಿಹೋಯ್ತು! ಕೈಯಾರೆ ಮಾಡಿ ಈಗ ಕಣ್ಣೀರಾ?” ಮಾಮ ಹೊಸ ಫಾರ್ಮ್ ಎಳೆದುಕೊಟ್ಟ. “ಈ ಸಲ ಅಜ್ಜಿ ಕೈಲೇ ಸೈನ್ ಮಾಡಿಸ್ಕೊಂಡು ಬಾ. ಮೊಲ ಹೋಗುತ್ತೆ, ನೋಡು.”

ನಾಳಿನ ಕಂತಿನಲ್ಲಿ ಮೊಲ ಚಂದ್ರನಿಗೆ ಹಾರಲಿತ್ತು. ಬುಗುರಿ ಫಾರ್ಮ್ ಮಡಚಿಕೊಂಡಳು. “ಹೋಗ್ಲಿ ಬಿಡಿ.”

ಮನೆಗೆ ಬಂದು ಅಜ್ಜಿಯ ಮುಂದೆ ಫಾರ್ಮ್ ಹಿಡಿದು ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಚಿಕ್ಕಜ್ಜಿಯ ಮಾತೊಂದನ್ನು ಮಾತ್ರ ಹೇಳಲಿಲ್ಲ. ಅಜ್ಜಿ ಎದ್ದು ಕೂತು ಅವಳ ಕಿವಿ ಹಿಂಡಿದರು.

“ಆ ಕುಣಿಯೋ ಮೊಲಕ್ಕೆ ನನ್ನ ಊರನ್ನೇ ಕೊಟ್ಟುಬಿಟ್ಯೇನೇ ಕಿಲಾಡಿ!” ಎಂದವರೇ, ಪೆನ್ನು ಹುಡುಕಿ ದೊಡ್ಡದಾಗಿ ಸೈನ್ ಮಾಡಿದರು.

ಮರುದಿನ ನ್ಯೂಸ್ ಮುಗಿಯುತ್ತಲೇ ಅಜ್ಜಿ ಫೋನಿನ ಸ್ಪೀಕರ್ ಹಾಕಿದರು. “ಪೋಸ್ಟ್ ಆಫೀಸ್ ಮುಂದೆ ರಸ್ತೆ ಅಗೆದಿದ್ದಾರೆ ಕಣೇ. ಆ ಕಡೆ ಹೋಗಿ ಬಿದ್ದುಗಿದ್ದೀಯಾ!”

“ಹೌದಾ ಅಕ್ಕಾ? ನನಗೆ ಗೊತ್ತೇ ಇರಲಿಲ್ಲ ನೋಡು!”

ಅಜ್ಜಿ ಬುಗುರಿಯ ಕಡೆ ತಿರುಗಿ ಹುಬ್ಬೇರಿಸಿದರು. “ಕೇಳಿಸ್ಕೊಂಡ್ಯಾ? ನಾನು ಹೇಳ್ದಿದ್ರೆ ಅವಳ ಗತಿ ಏನು?”

ಬುಗುರಿ ಅಜ್ಜಿಯ ಪಕ್ಕಕ್ಕೆ ಒತ್ತಿ ಕೂತಳು.

“ಸೇತುವೆ ಹತ್ರ ಹೊಸ ಲೈಟ್ ಹಾಕಿದ್ದೂ ಹೇಳಿ ಅಜ್ಜಿ,” ಎಂದಳು. “ಪಾಪ, ಅವರಿಗೆ ಗೊತ್ತಿರಲ್ಲ.”